ಹತ್ತು ಗಂಟೆ ಹತ್ತು ನಿಮಿಷ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ಕೆಲವು ವೈದ್ಯರು ಮನಸ್ಸಿನ ರೋಗಕ್ಕೆ ದರ್ಶನ ಹುಟ್ಟಿಸುವ ಔಷಧ ಕೊಡುತ್ತಾರಂತೆ. ಅದರಲ್ಲಿ ರೋಗಿ ಕಾಣುವುದು ನಿಜವೋ, ಭ್ರಮೆಯೋ?"

"ಬೆನ್ನು ನೆಟ್ಟಗಿಟ್ಟು ಕೂತುಕೋ. ನಡುವೆ ಬಾಯಿ ಹಾಕಬೇಡ" ಎಂದು ಗುರುಗಳು ಹೇಳತೊಡಗಿದರು.

ಒಬ್ಬ ಗಡಿಯಾರದ ವರ್ತಕನಿದ್ದ. ಗಡಿಯಾರ ತಯಾರಿಸುವವನು ಅವನ ತಮ್ಮ, ಮಾರುವವನು ಅವನು. ತನ್ನ ಗಡಿಯಾರ ಸಮಯ ತೋರಿಸುತ್ತದೆ ಎಂದು ವರ್ತಕ ಯಾರಿಗೂ ಹೇಳುತ್ತಿರಲಿಲ್ಲ. ಅವನ ಜಾಹೀರಾತಿನಲ್ಲಿ ಗಡಿಯಾರಕ್ಕಿಂತ ಅದನ್ನು ಕಟ್ಟಿಕೊಂಡ ಕೈ ದೊಡ್ಡದು. ಕೈಗಿಂತ ಆ ಕೈ ಹಿಡಿದ ಕುದುರೆಯ ಲಗಾಮು ದೊಡ್ಡದು. ಬಂದ ಗಿರಾಕಿಯನ್ನು ಎರಡು ವರ್ಷ ಕಾಯಿಸುತ್ತಿದ್ದ. ಕಾದವನು ಅದನ್ನೇ ಹೆಮ್ಮೆಯಿಂದ ಊರಿಗೆಲ್ಲ ಸಾರುತ್ತಿದ್ದ. ವ್ಯಾಪಾರ ಬೆಳೆಯಿತು. ಒಂದು ದಿನ ವರ್ತಕ ಗಡಿಯಾರದ ಮುಖದ ಮೇಲೆ ತನ್ನೊಬ್ಬನ ಹೆಸರು ಬರೆಸಿದ. ತಮ್ಮ ಅದನ್ನು ಓದಿದ. ಉಪಕರಣದ ಪೆಟ್ಟಿಗೆ ಎತ್ತಿಕೊಂಡು ಪಕ್ಕದ ಊರಿಗೆ ಹೊರಟುಹೋದ.

ಆಮೇಲೆ ವರ್ತಕನಿಗೆ ಖಿನ್ನತೆ ಹಿಡಿಯಿತು. ಊಟ ಸೇರಲಿಲ್ಲ. ಹಾಸಿಗೆಯಿಂದ ಏಳುವುದೇ ಕಷ್ಟವಾಯಿತು. ಹಲವರ ಔಷಧ ಫಲಿಸಲಿಲ್ಲ. ಕೊನೆಗೆ ಒಬ್ಬ ವೈದ್ಯ ಅವನ ಹೃದಯ ಪರೀಕ್ಷಿಸಿ, ಮನೆತನದ ರೋಗಗಳನ್ನು ವಿಚಾರಿಸಿ, ಅಣಬೆಯಿಂದ ತೆಗೆದ ಔಷಧವನ್ನು ಅಳೆದು ಕುಡಿಸಿದ; ಆರು ಗಂಟೆ ಪಕ್ಕದಲ್ಲೇ ಕುಳಿತ. ವರ್ತಕನಿಗೆ ತಮ್ಮ ಕಂಡ. ಬಾಗಿಲ ಹೊರಗೆ ನಿಂತಿದ್ದ. ಒಳಗೆ ಕರೆಯಲಿ ಎಂದು ಕಾಯುತ್ತಿದ್ದ. ವರ್ತಕ ಅತ್ತ. ಎದ್ದಾಗ ಮನಸ್ಸು ಹಗುರವಾಗಿತ್ತು.

ವೈದ್ಯ ಹೇಳಿದ: "ಔಷಧದ ಕೆಲಸ ಮುಗಿಯಿತು. ನಿಮ್ಮ ಕೆಲಸ ಉಳಿದಿದೆ. ಹನ್ನೆರಡು ಬೆಳಗು ಬನ್ನಿ. ಕಂಡದ್ದಕ್ಕೆ ಏನು ಮಾಡಬೇಕೆಂದು ಮಾತಾಡೋಣ."

ವರ್ತಕ ಒಂದು ಬೆಳಗೂ ಹೋಗಲಿಲ್ಲ. ಔಷಧ ಕುಡಿದ ಬಟ್ಟಲನ್ನು ಕೇಳಿ ತಂದಿದ್ದ. ಅದನ್ನು ಮಖಮಲ್ಲಿನ ಪೆಟ್ಟಿಗೆಯಲ್ಲಿಟ್ಟು ಗಿರಾಕಿಗಳಿಗೆ ತೋರಿಸಿದ. "ಇಂಥ ದರ್ಶನ ಎಲ್ಲರಿಗೂ ಆಗುವುದಿಲ್ಲ" ಎಂದ. ಎರಡು ತಿಂಗಳಲ್ಲಿ ಖಿನ್ನತೆ ಮರಳಿತು.

ಅವನು ವೈದ್ಯನಲ್ಲಿಗೆ ಓಡಿದ. "ಇನ್ನೂ ಗಟ್ಟಿಯಾದದ್ದು ಕೊಡಿ, ವೈದ್ಯರೇ. ಎಲ್ಲರಿಗೂ ಕೊಡುವ ಅಳತೆ ನನ್ನಂಥವನಿಗೆ ಸಾಲದು."

"ಗಿರಾಕಿಯನ್ನು ಎರಡು ವರ್ಷ ಕಾಯಿಸುವ ಸಾಹುಕಾರರಿಗೆ ಹನ್ನೆರಡು ಬೆಳಗು ಬಿಡುವಾಗಲಿಲ್ಲ" ಎಂದ ವೈದ್ಯ, ಅವನ ಮಣಿಕಟ್ಟನ್ನು ನೋಡಿದ. "ಇದರಲ್ಲಿ ಹತ್ತು ಗಂಟೆ ಹತ್ತು ನಿಮಿಷ. ಈಗ ಮಧ್ಯಾಹ್ನ ಕಳೆದಿದೆ. ಗಡಿಯಾರ ಕೆಟ್ಟಿದೆಯೇ?"

"ಕೆಟ್ಟಿಲ್ಲ. ಇದು ಪ್ರದರ್ಶನದ್ದು, ಇದಕ್ಕೆ ಕೀಲಿ ಕೊಡುವುದಿಲ್ಲ. ಹೀಗೆ ನಿಲ್ಲಿಸಿದರೆ ಎರಡು ಮುಳ್ಳುಗಳ ನಡುವೆ ನನ್ನ ಹೆಸರು ಪೂರ್ತಿ ಕಾಣುತ್ತದೆ."

"ತಮ್ಮನನ್ನೂ ಬಾಗಿಲಲ್ಲಿ ಹೀಗೇ ನಿಲ್ಲಿಸಿದ್ದೀರಿ."

ವರ್ತಕ ಗಡಿಯಾರಕ್ಕೆ ಕೀಲಿ ಕೊಟ್ಟು, "ಈಗ ಗಂಟೆ ಎಷ್ಟು?" ಎಂದು ಕೇಳಿದ.

"ನಾಲ್ಕು ಇಪ್ಪತ್ತು. ನಿಮ್ಮ ತಮ್ಮನ ಊರಿಗೆ ಐದಕ್ಕೆ ಬಸ್ಸಿದೆ."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಹೇಳಿದ: "ಗುರುಗಳೇ, ಬಾಗಿಲಲ್ಲಿ ಕಂಡ ತಮ್ಮ ನಿಜವೋ, ಭ್ರಮೆಯೋ, ನೀವು ಹೇಳಲೇ ಇಲ್ಲ."

"ವರ್ತಕ ಬಸ್ಸು ಹತ್ತಿದನೇ ಎಂದು ನೀನು ಕೇಳಲೇ ಇಲ್ಲ" ಎಂದರು ಗುರುಗಳು.