ಕಾಯಿಸಿದ ನೀರಿನ ಡಂಗುರ

ಪೇಟೆಬೀದಿಗೆ ವಾಂತಿಭೇದಿ ಹೊಕ್ಕು ಮನೆಮನೆಯಲ್ಲೂ ಜನ ಹಾಸಿಗೆ ಹಿಡಿದಿದ್ದರು. ಆದರೆ ಅಮಲ್ದಾರರು ಡಂಗುರ ಸಾರುವ ಕಾಟಯ್ಯನನ್ನು ಕರೆಸಿ ಗುಡುಗಿದರು: "ಮೇಲಿಂದ ಹುಕುಂ ಬರೋವರೆಗೂ ಕಾನೂನಿನ ಪ್ರಕಾರ ಊರಲ್ಲಿ ರೋಗ ಇಲ್ಲ. ಇದೆ ಅಂದವನಿಗೆ ಜೈಲು. ಹಾಗಂತ ಸಾರು, ಹೋಗು!"

"ನೀರು ಕಾಯಿಸಿ ಕುಡೀರಿ ಅಂತ ಒಂದು ಮಾತು ಸೇರಿಸಲಾ ಬುದ್ಧೀ?"

"ರೋಗವೇ ಇಲ್ಲದ ಮೇಲೆ ಕಾಯಿಸೋದ್ಯಾಕಯ್ಯಾ?" ಎನ್ನುತ್ತ ಅಮಲ್ದಾರರು ಹಬೆಯಾಡುವ ಲೋಟವೆತ್ತಿ ಊದಿ ಊದಿ ನೀರು ಕುಡಿದರು.

ಕಾಟಯ್ಯನಿಗೆ ಮೈಯೆಲ್ಲ ಉರಿಯಿತು. ಹಣೆ ಚಚ್ಚಿಕೊಳ್ಳುವ ಬದಲು ಬೀದಿಗೆ ಬಂದು ತಮಟೆ ಚಚ್ಚಿದ.

"ಕೇಳ್ರಪ್ಪೋ ಕೇಳಿ! ಊರಲ್ಲಿ ವಾಂತಿಭೇದಿ ಇಲ್ಲವಂತೆ! ಕಾಯಿಸಿದ ನೀರು ಕುಡೀತಾ ಕುಡೀತಾ ಅಮಲ್ದಾರರು ಅಪ್ಪಣೆ ಕೊಡಿಸಿದ್ದಾರೆ!"

ಸಂಜೆಯೊಳಗೆ ಊರಿನ ಒಲೆಗಳ ಮೇಲೆಲ್ಲ ನೀರಿನ ಪಾತ್ರೆ ಏರಿತು.

ಅಮಲ್ದಾರರು ಕೆಂಡವಾದರು. "ಏನೋ ನೀನು ಸಾರಿದ್ದು?"

ಕಾಟಯ್ಯ ಕೈ ಮುಗಿದ. "ತಪ್ಪಾಗಿದ್ದರೆ ಈಗಲೇ ತಿದ್ದೋಣ ಬುದ್ಧೀ. ತಾವು ಪೇಟೆಬೀದಿ ಬಾವಿಗೆ ಬಂದು ಒಂದು ಚೆಂಬು ನೀರು ಸೇದಿ ಹಾಗೇ ಕುಡೀರಿ. ಅದನ್ನೂ ಊರೆಲ್ಲ ಸಾರಿ ಬರ್ತೀನಿ."

ಊರಲ್ಲೇ ಇಲ್ಲದ ರೋಗ! ಅಷ್ಟು ಕೇಳಿದ್ದಕ್ಕೇ ಅಮಲ್ದಾರರ ಹೊಟ್ಟೆ ಗುಡುಗುಡು ಅಂದಿತು.