ನೆಲ ಮುಟ್ಟದ ವ್ಯಾಪಾರಿ

ಹೊರಗಿನ ವ್ಯಾಪಾರಿ ನೆಲಕ್ಕಿಟ್ಟ ಪ್ರತಿ ಕಾಲಿಗೂ ಒಂದು ಹಣ್ಣು ಸುಂಕ. ಇದು ಆ ಕಾಡಿನ ಕಟ್ಟಳೆ. ಪಕ್ಕದ ಕಾಡಿನ ಶತಪದಿ ಪ್ರತಿ ಸಲವೂ ಅರ್ಧ ಬುಟ್ಟಿ ಖಾಲಿ ಮಾಡಿ ಸುಂಕ ತೆತ್ತು ಒಳಗೆ ಹೋಗುತ್ತಿತ್ತು. ಅದೇ ಪಕ್ಕದ ಕಾಡಿನ ಬಾವಲಿ ಮಾತ್ರ ಕೊಂಬೆಗೆ ಜೋತುಬಿದ್ದೇ ಅತ್ತಿಹಣ್ಣು ಮಾರಿ, "ಸುಂಕದ ಆಮೆಯವರೇ, ನನ್ನ ಕಾಲು ನಿಮ್ಮ ನೆಲ ಮುಟ್ಟಿಲ್ಲ!" ಎಂದು ಕಿಲಕಿಲ ನಗುತ್ತಿತ್ತು.

ಒಂದು ದಿನ ಮಂಗವೊಂದು ಬಾವಲಿಯ ಬುಟ್ಟಿಯನ್ನೇ ಕಿತ್ತುಕೊಂಡು ಓಡಿತು.

"ಅಯ್ಯೋ, ನ್ಯಾಯ ಕೊಡಿಸಿ!" ಎಂದು ಬಾವಲಿ ಅರಚಿತು.

"ನಮ್ಮ ನೆಲದ ಮೇಲೆ ನಿಂತವರಿಗೆ ಮಾತ್ರ ನಮ್ಮ ನ್ಯಾಯ," ಎಂದಿತು ಆಮೆ.

ಬಾವಲಿ ಮುಖ ಸಿಂಡರಿಸಿಕೊಂಡು ಕೆಳಗಿಳಿಯಿತು. ಶತಪದಿ ಕುಣಿಯುತ್ತ ಬಂದು ಅದರ ಕಾಲು ಎಣಿಸಿತು.

"ಎರಡೇ? ಇಷ್ಟಕ್ಕಾ ಮಾರಾಯ, ಇಷ್ಟು ದಿನ ತಲೆಕೆಳಗಾಗಿ ನೇತಾಡಿದ್ದು!"