ಅಜ್ಜಾರ ಕೆಮ್ಮು

ಸಾವಂತ್ರಿ ಬೀಸಿದ ಗಂಗಾಳ ರಾಚಯ್ಯನ ಹಣೆಗೆ ಬಡಿಯಿತು.

ಊಟವಾದ ಗಂಗಾಳ ಎತ್ತಲು ಅವನು ಸದ್ದಿಲ್ಲದೆ ಹೋಗಿ ಕೈ ಹಾಕಿದ್ದ, ಅಷ್ಟೇ.

ಹುಟ್ಟಿನಿಂದ ಕಣ್ಣು ಕಾಣದ ಹುಡುಗಿ. ಮಠಕ್ಕೆ ಬಂದು ತಿಂಗಳಾಗಿರಲಿಲ್ಲ. ತಲೆ ಬಾಚಲು ಹೋದವರನ್ನು ಪರಚಿದ್ದಳು. ಕೈ ಹಿಡಿದವರನ್ನು ಕಚ್ಚಿದ್ದಳು.

ರಾಚಯ್ಯ ಹಣೆ ಒತ್ತಿಕೊಂಡು ಹೊಳೆದಂಡೆಗೆ ಹೋದ. ಮಠದ ಸ್ವಾಮಿಗಳಾದ ಅಜ್ಜಾರು ಅಲ್ಲಿ ಧೋತರ ಹಿಂಡುತ್ತಿದ್ದರು.

"ಅಜ್ಜಾರ, ಈ ಹುಡುಗಿ ನಮ್ಮ ಕೈಯಾಗ ಆಗೂದಿಲ್ಲರಿ. ಕಳಿಸಿಬಿಡೂಣು."

"ಎಲ್ಲಿಗೆ?"

ಅವಳಿಗೆ ಬೇರೆ ಮನೆ ಇರಲಿಲ್ಲ. ರಾಚಯ್ಯ ಮಾತು ಬದಲಿಸಿದ.

"ನಿಮಗೊಬ್ಬರಿಗೇ ಏನೂ ಮಾಡೂದಿಲ್ಲ. ಏನ್ ಮಂತ್ರ ಹಾಕೀರಿ?"

"ನನಗ ಕೆಮ್ಮು ಐತಿ."

ಅದು ರಾಚಯ್ಯನಿಗೆ ಗೊತ್ತಿತ್ತು. ಆ ಕೆಮ್ಮಿಗೆಂದೇ ದಿನಾ ಸಂಜೆ ಶುಂಠಿ ಕಷಾಯ ಕಾಯಿಸಿ ಕೊಡುತ್ತಿದ್ದ. ಅಜ್ಜಾರು ಕುಡಿದು, "ಬೆಲ್ಲ ಕಡಿಮಿ ಆತು" ಅನ್ನುತ್ತಿದ್ದರು. ಬೇರೆ ಮಾತಿಲ್ಲ.

ವಯಸ್ಸಾಯಿತು, ಏನೋ ಅಂತಾರೆ ಅಂದುಕೊಂಡು ಅವನು ಹೊಳೆಯ ಕಡೆ ಮುಖ ಮಾಡಿ ಕುಳಿತ.

ಹಿಂದಿನಿಂದ ಒದ್ದೆ ಧೋತರ ಕುತ್ತಿಗೆಯ ಮೇಲೆ ಬಿತ್ತು.

ರಾಚಯ್ಯ ಚೀರಿ ಕೈ ಬೀಸಿದ. ಪೆಟ್ಟು ಅಜ್ಜಾರ ಭುಜಕ್ಕೆ ಬಿತ್ತು.

"ಒಂದ್ ಮಾತು ಹೇಳಬಾರದೇನ್ರಿ!"

"ಹೌದಲ್ಲ," ಅಂದರು ಅಜ್ಜಾರು, ಭುಜ ತಿಕ್ಕಿಕೊಳ್ಳುತ್ತ. "ಈಗ ನಿನ್ನ ಎಲ್ಲಿಗೆ ಕಳಸ್ಲಿ?"

ಅಂದು ಸಂಜೆ ರಾಚಯ್ಯ ನೋಡುತ್ತ ನಿಂತ. ಅಜ್ಜಾರು ಅಂಗಳ ದಾಟಿದರು, ಕೆಮ್ಮಲಿಲ್ಲ. ಕಟ್ಟೆ ಹತ್ತಿದರು, ಕೆಮ್ಮಲಿಲ್ಲ. ಸಾವಂತ್ರಿ ಕುಳಿತ ಕೋಣೆಯ ಹೊಸ್ತಿಲಲ್ಲಿ ನಿಂತು ಕೆಮ್ಮಿದರು.

"ನಾನವ್ವಾ, ಅಜ್ಜ. ತಲಿ ಬಾಚ್ತೀನಿ."

ಹುಡುಗಿ ತಾನೇ ತಲೆ ಒಡ್ಡಿದಳು.

ರಾಚಯ್ಯ ಅಂದೂ ಕಷಾಯ ಕಾಯಿಸಿದ. ಬೆಲ್ಲ ಹೆಚ್ಚು ಹಾಕಿದ.

ಮರುದಿನ ಅವನೂ ಹೊಸ್ತಿಲಲ್ಲಿ ನಿಂತು ಕೆಮ್ಮಿದ. ಸಾವಂತ್ರಿಯ ಕೈ ಗಂಗಾಳದ ಮೇಲೆ ಬಿಗಿಯಾಯಿತು.

"ನಾನು, ರಾಚಯ್ಯ. ಗಂಗಾಳ ಒಯ್ತೀನಿ."

"ನಿಂದು ಸುಳ್ಳು ಕೆಮ್ಮು," ಅಂದಳು ಸಾವಂತ್ರಿ. ಗಂಗಾಳ ಮುಂದೆ ಸರಿಸಿದಳು.

ಅಜ್ಜಾರು ತೀರಿಹೋಗಿ ಎಷ್ಟೋ ಕಾಲವಾಯಿತು. ಸಾವಂತ್ರಿ ಮಠದ ಮಕ್ಕಳಿಗೆ ಹಾರ್ಮೋನಿಯಂ ಪೇಟಿ ಬಾರಿಸುವುದು ಕಲಿಸುತ್ತಾಳೆ. ರಾಚಯ್ಯನನ್ನೇ ಈಗ ಎಲ್ಲರೂ ಅಜ್ಜಾರು ಅನ್ನುತ್ತಾರೆ.

ಈ ವರ್ಷ ಮಠಕ್ಕೆ ಕಣ್ಣು ಕಾಣದ ಮತ್ತೊಂದು ಕೂಸು ಬಂತು.

ಒಂದು ಸಂಜೆ ಹೊಸ ಶಿಷ್ಯ ಲೋಟ ಹಿಡಿದು ಬಂದ. ಶುಂಠಿಯ ವಾಸನೆ.

"ಭಾಳ ಕೆಮ್ಮಾಕತ್ತೀರಿ ಅಜ್ಜಾರ. ಕುಡೀರಿ."

ರಾಚಯ್ಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಹೊಳೆಯ ಕಡೆ ಮುಖ ಮಾಡಿ ಕುಳಿತ. ಆಮೇಲೆ ಕುಡಿದ.

"ಬೆಲ್ಲ ಕಡಿಮಿ ಆತು," ಅಂದ.